ಇನ್ನೂರ ಒಂದು ಡಾಲರ್ ಮುಯ್ಯಿ

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ಒಂದು ಚೀನೀ ಮದುವೆ ಊಟಕ್ಕೆ ಹೋಗಿದ್ದೆ. ನನ್ನ ಟೀಮಿನ ಹುಡುಗಿಯ ಮದುವೆ. ಅಜ್ಜನ ಕಾಲಕ್ಕೇ ಗ್ವಾಂಗ್‌ಡಾಂಗ್ ಪ್ರಾಂತ್ಯದ ತಾಯ್‌ಶಾನ್ ಕಡೆಯಿಂದ ಕ್ಯಾಲಿಫೋರ್ನಿಯಾಗೆ ಬಂದು ನೆಲೆ ನಿಂತ ಮನೆತನ ಅವರದು. ಊಟ ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಮಿಲ್‌ಬ್ರೇಯ ಒಂದು ದೊಡ್ಡ ಹೋಟೆಲಿನಲ್ಲಿ.

ಚೈನೀಸ್ ಊಟ ಅಂದ ಕೂಡಲೇ ಅವ್ವನಿಗೆ ನೆನಪಾಗಿದ್ದು ಮಂಡ್ಯದ ತಳ್ಳುಗಾಡಿಯ ಗೋಬಿ ಮಂಚೂರಿ. 2024ರಲ್ಲಿ ಸರ್ಕಾರ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತಲ್ಲ, ಆವತ್ತಿಂದ ಗೋಬಿಗೆ ಕಳೆಯೇ ಹೋಯ್ತು ಅಂತ ಕೊರಗುವವಳು ಅವಳು. ಇಲ್ಲಿ ಗೋಬಿ ಸಿಗಲ್ಲ ಅಂತ ಮೊದಲೇ ಹೇಳಿಟ್ಟೆ. "ಮಾಂಸ ಸಿಕ್ತದಲ್ಲ, ಬುಡು" ಅಂದಳು.

ಹೊರಡುವ ಮುಂಚೆ ಒಂದು ಸಣ್ಣ ಜಗಳ ಆಯಿತು. ನಾನು ಕೆಂಪು ಕವರಿಗೆ ಇನ್ನೂರು ಡಾಲರ್ ಹಾಕಿದ್ದೆ. ಎಲ್ಲಾ ಗರಿಗರಿ ನೋಟು. ಹಳೇ ನೋಟು ಹಾಕಬಾರದು, ಬಿಳಿ ಕವರ್ ಸಾವಿಗೆ, ನಾಲ್ಕು ಅನ್ನೋ ಅಂಕಿ ಬರಬಾರದು, ಅವರ ಭಾಷೇಲಿ ನಾಲ್ಕು ಅಂದರೂ ಸಾವು ಅಂದರೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತದೆ. ಇಷ್ಟೆಲ್ಲ ತಿಳಿದುಕೊಂಡಿದ್ದೆ. ಅವ್ವ ಕವರ್ ಬಿಚ್ಚಿ ನೋಡಿ, "ಒಂದು ರೂಪಾಯಿ ಎಲ್ಲೇ?" ಅಂದಳು. ಸೊನ್ನೆಯಲ್ಲಿ ಮುಗಿಯುವ ಮುಯ್ಯಿಯನ್ನು ನಮ್ಮ ಮನೆಯಲ್ಲಿ ಯಾರೂ ಕೊಟ್ಟವರಿಲ್ಲ. ಕೊನೆಗೆ ಅವಳೇ ನನ್ನ ಪರ್ಸಿನಿಂದ ಮುದುಡಿದ ಒಂದು ಡಾಲರ್ ನೋಟು ಹುಡುಕಿ, ಅಂಗೈಯಲ್ಲಿ ತೀಡಿ, ಕವರಿಗೆ ಸೇರಿಸಿದಳು. ಹೊತ್ತಾಗುತ್ತಿತ್ತು. ನಾನು ಸುಮ್ಮನಾದೆ.

ಹೋಟೆಲಿನ ಬಾಗಿಲಲ್ಲೇ ಒಂದು ಮೇಜು. ಹಿಂದೆ ಇಬ್ಬರು ಹೆಂಗಸರು, ಮುಂದೆ ಒಂದು ಪುಸ್ತಕ. ಕವರ್ ತಗೊಳ್ಳೋದು, ಹೆಸರು ಬರೆಯೋದು. ಅವ್ವನಿಗೆ ಭಾರೀ ಸಮಾಧಾನ. "ಮುಯ್ಯಿ ಬರ್ಕತಾವ್ರೆ ಕಣೇ, ನಮ್ಮೋರೇ!" ಒಳಗೆ ಗೋಡೆ ತುಂಬ ಚಿನ್ನದ ಬಣ್ಣದ ಡ್ರ್ಯಾಗನ್ನು, ಎದುರಿಗೆ ಫೀನಿಕ್ಸ್ ಹಕ್ಕಿ. ಗಂಡು ಹೆಣ್ಣಿನ ಗುರುತು ಅವು. ಕಾರ್ಡಿನಲ್ಲಿ ಆರು ಗಂಟೆ ಅಂತಿತ್ತು. ಊಟ ಶುರುವಾಗಿದ್ದು ಏಳೂವರೆಗೆ. ಈ ವಿಷಯದಲ್ಲೂ ನಮ್ಮೋರೇ.

ಎಲ್ಲಾ ಗುಂಡನೆಯ ಮೇಜುಗಳು, ಮೇಜಿಗೆ ಹತ್ತು ಜನ. ಹೋಟೆಲಿನವರು ದುಡ್ಡು ಲೆಕ್ಕ ಹಾಕುವುದೇ ಮೇಜಿನ ಲೆಕ್ಕದಲ್ಲಿ, ತಲೆ ಲೆಕ್ಕದಲ್ಲಲ್ಲ. ನಮ್ಮ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯಳು ಅವ್ವ. ಹಾಗಾಗಿ ಬಾಗಿಲಿಗೆ ಮುಖ ಮಾಡಿರುವ ಕುರ್ಚಿ ಅವಳಿಗೆ. ಅದೇ ಮರ್ಯಾದೆಯ ಜಾಗ. ಹುಡುಗಿಯ ದೊಡ್ಡಮ್ಮ ಒಬ್ಬರು ಪಕ್ಕ ಕೂತರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಇವಳಿಗೆ ಬರೋದೇ ಇಲ್ಲ. ಎರಡು ಗಂಟೆ ಇಬ್ಬರೂ ಬಾಯಿ ಮುಚ್ಚಲಿಲ್ಲ.

ಮೇಜಿನ ನಡುವೆ ತಿರುಗುವ ಗಾಜಿನ ತಟ್ಟೆ. ಲೇಜಿ ಸೂಸನ್ ಅಂತಾರೆ. ಇದೇನೋ ಸಾವಿರಾರು ವರ್ಷದ ಚೀನೀ ಪದ್ಧತಿ ಅಂದುಕೊಂಡಿದ್ದೆ. ಅಲ್ಲ. ಪೆನಾಂಗಿನಲ್ಲಿ ಹುಟ್ಟಿದ ವು ಲಿಯನ್-ಟೆ ಅನ್ನೋ ಡಾಕ್ಟರು ಮಂಚೂರಿಯಾದ ಪ್ಲೇಗ್ (ಗೋಬಿಯದಲ್ಲ, ಈಶಾನ್ಯ ಚೀನಾದ ನಿಜವಾದ ಮಂಚೂರಿಯಾ) ತಡೆದು ಹೆಸರಾದವರು. ಎಲ್ಲರ ಚಾಪ್‌ಸ್ಟಿಕ್ಕೂ ಒಂದೇ ಬಟ್ಟಲಿಗೆ ಹೋದರೆ ರೋಗ ಹರಡುತ್ತದೆ ಅಂತ ತಿರುಗುವ ತಟ್ಟೆಯ ಸಲಹೆ ಕೊಟ್ಟಿದ್ದು ಅವರು, 1915ರಲ್ಲಿ. ಆಮೇಲೆ 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಚೈನಾಟೌನಿನ ಜಾನಿ ಕಾನ್ ಅವರ ಹೋಟೆಲಿಗಾಗಿ ಅವರ ಗೆಳೆಯ, ಇಂಜಿನಿಯರ್ ಜಾರ್ಜ್ ಹಾಲ್, ಬಾಲ್ ಬೇರಿಂಗ್ ಜೋಡಿಸಿ ಒಂದು ತಯಾರು ಮಾಡಿದರು. ಅಲ್ಲಿಂದ ಅದು ಊರೂರಿಗೆ ಹಬ್ಬಿತು. ನಾವು ಕೂತಿದ್ದ ಜಾಗದಿಂದ ಅರ್ಧ ಗಂಟೆ ದಾರಿ!

ಊಟಕ್ಕೆ ಎಂಟು ಬಗೆ, ಮೇಲೆ ಸಿಹಿ. ಎಂಟಕ್ಕೆ ಕ್ಯಾಂಟನೀಸಿನಲ್ಲಿ 'ಬಾತ್' ಅಂತಾರೆ (ಖಾರಾಬಾತ್ ನೆನಪಾದರೆ ನಾನು ಹೊಣೆಯಲ್ಲ). ಏಳಿಗೆ ಅನ್ನೋ ಅರ್ಥದ 'ಫಾತ್' ಅದಕ್ಕೆ ಹತ್ತಿರ, ಅದಕ್ಕೇ ಎಂಟು. ಏಳು ಬಗೆ ಮಾಡೋದು ಸಾವಿನ ಮನೆಯ ಊಟಕ್ಕೆ. ಮೊದಲು ಸುಟ್ಟ ಹಂದಿಮಾಂಸ, ಚರ್ಮ ಹಪ್ಪಳದ ಹಾಗೆ. ಆಮೇಲೆ ಮೀನಿನ ಗಾಳಿಚೀಲದ ಸೂಪು. ಹಿಂದೆ ಈ ಜಾಗದಲ್ಲಿ ಶಾರ್ಕ್ ರೆಕ್ಕೆಯ ಸೂಪ್ ಇಲ್ಲದಿದ್ದರೆ ಹುಡುಗನ ಕಡೆಯವರ ಮಾನ ಹೋಗುತ್ತಿತ್ತಂತೆ. ಕ್ಯಾಲಿಫೋರ್ನಿಯಾದಲ್ಲಿ 2011ರಲ್ಲಿ ಕಾನೂನು ಬಂತು, 2013ರ ಜುಲೈನಿಂದ ಅದರ ಮಾರಾಟ ಪೂರ್ತಿ ಬಂದ್. ಮದುವೆಗಳೇನೂ ನಿಲ್ಲಲಿಲ್ಲ. ಗಾಳಿಚೀಲ ಅಂದಾಗ ನನ್ನ ಗಂಡ ಚಮಚ ಕೆಳಗಿಟ್ಟ. ಅವ್ವ ಎರಡು ಸಲ ಹಾಕಿಸಿಕೊಂಡಳು. ಬೋಟಿ ಗೊಜ್ಜು ತಿಂದು ಬೆಳೆದ ಜೀವ ಅದು.

ಲಾಬ್‌ಸ್ಟರ್ ಬಂತು, ಕೋಳಿ ಬಂತು. ಅವೇ ಊಟದ ಡ್ರ್ಯಾಗನ್ನು, ಫೀನಿಕ್ಸು. ಕೊನೆಕೊನೆಗೆ ಮೀನು. ಇಡೀ ಮೀನು, ಹಬೆಯಲ್ಲಿ ಬೇಯಿಸಿದ್ದು, ಮೇಲೆ ಸಣ್ಣಗೆ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು, ಅದರ ಮೇಲೆ ಕಾದ ಎಣ್ಣೆ ಸುರಿದಿದ್ದರು. ಸಪ್ಲೈಯರ್ ಅದನ್ನು ಇಟ್ಟು, ತಟ್ಟೆಯನ್ನು ಮೆಲ್ಲಗೆ ತಿರುಗಿಸಿ, ಮೀನಿನ ತಲೆ ಸರಿಯಾಗಿ ಅವ್ವನ ಕಡೆ ಬರುವ ಹಾಗೆ ನಿಲ್ಲಿಸಿದ. ಅವ್ವ ಗಾಬರಿಯಾದಳು. "ಇದ್ಯಾಕೆ ನನ್ನೇ ನೋಡ್ತಾ ಕೂತದೆ?" ಹಿರಿಯರಿಗೆ ತಲೆ ಅಂದೆ. ಮುಖ ಅರಳಿತು. ನಮ್ಮ ಬೀಗರೂಟದಲ್ಲಿ ತಲೆಮಾಂಸ ಯಾರ ಎಲೆಗೆ ಬಿತ್ತು, ಯಾರಿಗೆ ಬೀಳಲಿಲ್ಲ ಅಂತ ಹತ್ತು ವರ್ಷ ಮಾತು ಬಿಟ್ಟವರಿದ್ದಾರೆ. ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ದೊಡ್ಡಮ್ಮ ಮೀನಿನ ಕೆನ್ನೆಯ ಮಾಂಸ ಬಿಡಿಸಿ ಅವಳ ಬಟ್ಟಲಿಗೆ ಹಾಕಿದರು. ಟೀ ಬಗ್ಗಿಸಿದರೆ ಎರಡು ಬೆರಳಲ್ಲಿ ಮೇಜು ತಟ್ಟಬೇಕು, ಅದೇ ಥ್ಯಾಂಕ್ಸ್ ಅಂತಲೂ ಕಲಿಸಿದರು. ಈಗ ಮನೆಯಲ್ಲಿ ನಾನು ಕಾಫಿ ಕೊಟ್ಟರೂ ತಟ್ಟುತ್ತಾಳೆ.

ಇಷ್ಟು ಹೊತ್ತಿಗೆ ಹುಡುಗಿ ಬಿಳಿ ಗೌನ್ ಬದಲಿಸಿ ಕೆಂಪು ಉಡುಪಿನಲ್ಲಿ ಬಂದಳು. ಗಂಡು ಹೆಣ್ಣು, ಇಬ್ಬರ ಅಪ್ಪ ಅಮ್ಮ, ಎಲ್ಲರೂ ಕೈಯಲ್ಲಿ ಲೋಟ ಹಿಡಿದು ಒಂದೊಂದೇ ಮೇಜಿಗೆ ಹೋದರು. ಮೂವತ್ತು ಮೇಜು. ಒಂದನ್ನೂ ಬಿಡಲಿಲ್ಲ. ಹಿರಿಯರ ಲೋಟಕ್ಕೆ ತಾಗಿಸುವಾಗ ತಮ್ಮ ಲೋಟ ಸ್ವಲ್ಪ ಕೆಳಗೆ ಹಿಡಿಯುತ್ತಾರೆ. ಅವ್ವನ ಲೋಟದಲ್ಲಿ ಇದ್ದದ್ದು ಸೆವೆನ್ ಅಪ್. ಅದಕ್ಕೂ ಅದೇ ಮರ್ಯಾದೆ.

ನಾನು ಹೇಳಬೇಕು ಅಂತ ಕೂತಿರೋದು ಇದನ್ನೇ. ನಮ್ಮ ರಿಸೆಪ್ಷನ್ ಸ್ಟೇಜನ್ನು ಕಿತ್ತು ಬಿಸಾಕಬೇಕು. ಮೈಸೂರಿನಲ್ಲಿ ಹೋದ ಸಲ ಒಂದು ಮದುವೆಗೆ ಹೋಗಿ ಐವತ್ತು ನಿಮಿಷ ಕ್ಯೂ ನಿಂತೆ. ಮೇಲೆ ಹತ್ತಿದರೆ ಫೋಟೋದವನು "ಮೇಡಂ, ಇಲ್ಲಿ ನೋಡಿ, ಆಯ್ತು, ನೆಕ್ಸ್ಟ್" ಅಂದ. ಮದುಮಗ ನನ್ನ ಚಿಕ್ಕಪ್ಪನ ಮಗ, ಅವನ ಹತ್ತಿರ ಒಂದು ಮಾತು ಆಡಲು ಆಗಲಿಲ್ಲ. ಕೆಳಗೆ ಊಟದ ಹಾಲಿಗೆ ಬಂದರೆ ತಿನ್ನುತ್ತಿರುವವರ ಕುರ್ಚಿ ಹಿಂದೆ ಒಬ್ಬೊಬ್ಬರು ನಿಂತಿದ್ದಾರೆ. ನಾನು ಅನ್ನ ಕಲಸುವಾಗ ನನ್ನ ಹಿಂದೆ ನಿಂತವರ ಸೀರೆ ಸೆರಗು ನನ್ನ ಹೆಗಲ ಮೇಲೆ. ಪಾಯಸ ಬರುವ ಮುಂಚೆಯೇ ಎದ್ದೆ, ನಾಚಿಕೆಗೆ. ಇದಕ್ಕಾ ಜನ ಸಾಲ ಮಾಡಿ ಛತ್ರ ಬುಕ್ ಮಾಡೋದು?

ನಮ್ಮಲ್ಲಿ ಈ ಪದ್ಧತಿ ಇರಲೇ ಇಲ್ಲ ಅಂತಲ್ಲ. ಮನೆಯವರು ಕೈ ಮುಗಿದುಕೊಂಡು ಪಂಕ್ತಿ ಉದ್ದಕ್ಕೂ ಬಂದು "ನಿಧಾನಕ್ಕೆ ಊಟ ಮಾಡಿ" ಅನ್ನುತ್ತಿದ್ದರು. ಬೀಗರೂಟದಲ್ಲಿ ಬಕೆಟ್ ಹಿಡಿದು "ಇನ್ನೊಂದು ತುಂಡು" ಅಂತ ಬಲವಂತ ಮಾಡುತ್ತಿದ್ದರು. ಎಲ್ಲವನ್ನೂ ಕೇಟರಿಂಗ್‌ನವರಿಗೆ ಒಪ್ಪಿಸಿ, ಗಂಡು ಹೆಣ್ಣನ್ನು ಹೂವಿನ ಗೋಡೆ ಮುಂದೆ ನಿಲ್ಲಿಸಿದೆವು. ಬರುವವರನ್ನು ಎಣಿಸಿ, ಹೆಸರು ಹಾಕಿ ಕೂರಿಸಿದರೆ ಏನು ಕಷ್ಟ?

ವಾಪಸ್ ಬರುವಾಗ ಕಾರಿನಲ್ಲಿ ಇದನ್ನೇ ಅವ್ವನಿಗೆ ಹೇಳಿದೆ. ಒಪ್ಪುತ್ತಾಳೆ ಅಂದುಕೊಂಡಿದ್ದೆ. ಮಡಿಲಲ್ಲಿ ದೊಡ್ಡಮ್ಮ ಕಟ್ಟಿಕೊಟ್ಟ ಮೂರು ಡಬ್ಬ ನೂಡಲ್ಸ್, ಕೋಳಿ ಇಟ್ಟುಕೊಂಡು ಕೇಳಿದಳು, "ಅಲ್ಲ ಕಣೇ, ಮೇಜಿಗೆ ಹತ್ತೇ ಜನ ಅಂದ್ರೆ, ಹನ್ನೊಂದನೆಯವನು ಬಂದ್ರೆ ಎಲ್ ಕೂರ್ಸ್ತಾರೆ? ನಿನ್ ಮದ್ವೆಗೆ ಬಸ್ ಡ್ರೈವರು, ಕ್ಲೀನರು, ವಾಲಗದೋರು, ದಾರೀಲಿ ಹೋಗೋರು ಎಲ್ಲಾರೂ ಉಂಡೋದ್ರು. ಅವ್ರನ್ನೂ ಎಣಿಸಿದ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೂ ಸ್ಟೇಜ್ ಬೇಡ ಅನ್ನೋ ಮಾತು ಬಿಡಲ್ಲ. ಹಾಂ, ಕೊನೆಗೆ ಕೊಟ್ಟ ಕೆಂಪು ಕಾಳಿನ ಸಿಹಿ ಬಗ್ಗೆ ಅವಳ ತೀರ್ಪು: "ಅಲಸಂದೆ ಪಾಯಸ. ಬೆಲ್ಲ ಕಮ್ಮಿ."

ಸೋಮವಾರ ಆಫೀಸಿನಲ್ಲಿ ಹುಡುಗಿ ನಗುತ್ತಾ ಬಂದಳು. ಮುಯ್ಯಿ ಲೆಕ್ಕ ನೋಡುತ್ತಿದ್ದ ಅವಳ ಅತ್ತೆಗೆ ಇನ್ನೂರ ಒಂದು ನೋಡಿ ತಲೆ ಕೆಟ್ಟಿತಂತೆ. ಒಳ್ಳೇದು ಜೋಡಿಯಾಗಿ ಬರಬೇಕು, ಮದುವೆಗೆ ಬೆಸ ಸಂಖ್ಯೆ ಕೊಡಬಾರದು ಅನ್ನೋದು ಅವರ ಲೆಕ್ಕ. ನಾನು ನಮ್ಮ ಒಂದು ರೂಪಾಯಿಯ ಕಥೆ ಹೇಳಿದೆ: ಸೊನ್ನೆ ಅಂದರೆ ಸಂಬಂಧ ಮುಗಿಯಿತು, ಒಂದು ಅಂದರೆ ಇನ್ನೂ ಇದೆ ಅಂತ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಚೀನಾದ ಕೆಲವು ಕಡೆ ಹುಡುಗಿಗೆ ತೆರ ಕೊಡುವಾಗ 10,001 ಯುವಾನ್ ಕೊಡುವುದೂ ಉಂಟು, ಹತ್ತು ಸಾವಿರ ಜನರಲ್ಲಿ ಒಬ್ಬಳನ್ನು ಆರಿಸಿದೆವು ಅಂತ ಅರ್ಥ ಅಂದಳು. ಅತ್ತೆಗೆ ಹಾಗೇ ಹೇಳಿ ಸಮಾಧಾನ ಮಾಡುತ್ತಾಳಂತೆ.

ಸಂಜೆ ಮನೆಗೆ ಬಂದು ಅವ್ವನಿಗೆ ಎಲ್ಲಾ ಒಪ್ಪಿಸಿದೆ. ಕಾಫಿ ಲೋಟದ ಪಕ್ಕ ಎರಡು ಬೆರಳಲ್ಲಿ ತಟ್ಟಿ ಅಂದಳು, "ಹಂಗಾದ್ರೆ ಇನ್ನೊಂದು ಡಾಲರ್ ಕೊಟ್ಟುಬುಡು. ಅವ್ರಿಗೂ ಜೋಡಿಯಾಯ್ತದೆ."