ಪ್ರೊಟೊಬಫ್ ಫೀಲ್ಡ್ ನಂಬರ್ ಮರುಬಳಕೆ: ಸ್ಪಷ್ಟನೆ

ಪ್ರೊಟೊಬಫ್ ಎಂದರೆ ಆ್ಯಪ್‌ಗಳು ಡೇಟಾವನ್ನು ಬೈನರಿ ರೂಪದಲ್ಲಿ ಕಳಿಸಲು, ಉಳಿಸಲು ಬಳಸುವ ವಿಧಾನ. ಅದರಲ್ಲಿ ಪ್ರತಿ ಫೀಲ್ಡಿಗೂ, ಅಂದರೆ ಮಾಹಿತಿಯ ಪ್ರತಿ ಅಂಶಕ್ಕೂ, ಒಂದು ನಂಬರ್ ಇರುತ್ತದೆ. "ಪ್ರೊಟೊಬಫ್‌ನಲ್ಲಿ ಅಳಿಸಿದ ಫೀಲ್ಡಿನ ನಂಬರನ್ನು ಹೊಸ ಫೀಲ್ಡಿಗೆ ಕೊಡಬಹುದು, ಹೆಸರು ಬೇರೆ ಇದ್ದರೆ ಸಾಕು" ಎಂಬ ಮೆಸೇಜ್ ಡೆವಲಪರ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬೈನರಿ ರೂಪದಲ್ಲಿ ಫೀಲ್ಡಿನ ಹೆಸರು ಇರುವುದೇ ಇಲ್ಲ. ಹೋಗುವುದು ನಂಬರ್, ವೈರ್ ಟೈಪ್ (ವ್ಯಾಲ್ಯೂವನ್ನು ಯಾವ ರೀತಿ ಬರೆದಿದೆ ಎಂಬ ಗುರುತು) ಮತ್ತು ವ್ಯಾಲ್ಯೂ. 2ನೇ ನಂಬರಿನ ಇಂಟ್32 (ಪೂರ್ಣಾಂಕ) ಫೀಲ್ಡಿನಲ್ಲಿ 3 ಇಟ್ಟರೆ ಹೊರಬರುವುದು ಎರಡೇ ಬೈಟ್: 16 ಮತ್ತು 3. (2 ಗುಣಿಸು 8, ಜೊತೆಗೆ ವೈರ್ ಟೈಪ್ 0, ಒಟ್ಟು 16.) ಅದು ವಯಸ್ಸೋ ಸ್ಟಾಕೋ ಎಂಬ ಗುರುತು ಅಲ್ಲೆಲ್ಲೂ ಇಲ್ಲ. ಹಾಗಾಗಿ ಹಳೇ ಆ್ಯಪ್ ಕಳಿಸಿದ ಅಥವಾ ಡಿಸ್ಕಿನಲ್ಲಿ ಉಳಿದ ಡೇಟಾವನ್ನು ಹೊಸ ಕೋಡ್ ಬೇರೆಯೇ ಅರ್ಥದಲ್ಲಿ ಓದುತ್ತದೆ. ಹೊಸ ಫೀಲ್ಡ್ ಎಸ್‌ಇಂಟ್32 (ಋಣ ಸಂಖ್ಯೆಗಳನ್ನು ಬೇರೆ ರೀತಿ ಬರೆಯುವ ಪೂರ್ಣಾಂಕದ ಬಗೆ) ಆಗಿದ್ದರೆ ಅದೇ 3, -2 ಆಗುತ್ತದೆ. ಎರರ್ ಕೂಡ ಬರುವುದಿಲ್ಲ, ನಿಜವಾದ ಅಪಾಯ ಅದೇ.

ಅಳಿಸಿದ ಕಡೆ 'ರಿಸರ್ವ್ಡ್ 2;' ಎಂದು ಬರೆಯಿರಿ. ಮುಂದೆ ಯಾರಾದರೂ ಆ ನಂಬರ್ ಬಳಸಿದರೆ ಕಂಪೈಲರೇ ತಡೆಯುತ್ತದೆ. ಜೇಸನ್ ರೂಪವನ್ನೂ ಬಳಸುವವರು ಹೆಸರನ್ನೂ ರಿಸರ್ವ್ ಮಾಡಿ. 1ರಿಂದ 15ರವರೆಗಿನ ನಂಬರಿಗೆ ಟ್ಯಾಗ್ (ನಂಬರ್ ಮತ್ತು ವೈರ್ ಟೈಪ್ ಸೇರಿದ ಭಾಗ) ಒಂದೇ ಬೈಟ್, ನಿಜ. ಆದರೆ ಆ ಒಂದು ಬೈಟ್ ಉಳಿಸಲು ಹಳೇ ನಂಬರಿಗೆ ಕೈ ಹಾಕಬೇಡಿ.

ಪ್ರೊಟೊಬಫ್‌ನ ಅಧಿಕೃತ ಭಾಷಾ ಮಾರ್ಗದರ್ಶಿಯೂ ನಂಬರ್ ಮರುಬಳಕೆ ಬೇಡ ಎಂದೇ ಹೇಳುತ್ತದೆ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.