ಸ್ಪಷ್ಟನೆ: ಬ್ಲಡ್ ಗ್ರೂಪ್ ‘ನೆಗೆಟಿವ್’ ಅಂದ್ರೆ ಕಾಯಿಲೆ ಅಲ್ಲ

“ಬ್ಲಡ್ ಗ್ರೂಪ್ ನೆಗೆಟಿವ್ ಇರೋ ಹುಡುಗಿಯನ್ನು ಸೊಸೆ ಮಾಡ್ಕೋಬೇಡಿ, ರಕ್ತದಲ್ಲೇ ದೋಷ” ಎಂಬ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಶುದ್ಧ ಸುಳ್ಳು.

ಒಂದೇ ಲ್ಯಾಬ್ ರಿಪೋರ್ಟಿನಲ್ಲಿ ಈ ಪದ ಎರಡು ಕಡೆ ಇರಬಹುದು. ‘ಎಚ್‌ಐವಿ ನೆಗೆಟಿವ್’ ಅಂದರೆ ಪರೀಕ್ಷೆಯಲ್ಲಿ ಸೋಂಕು ಕಂಡಿಲ್ಲ. ಒಳ್ಳೆಯ ಸುದ್ದಿನೇ ಅಲ್ವಾ? ‘ಒ ನೆಗೆಟಿವ್’ ಅಂದರೆ ಕೆಂಪು ರಕ್ತಕಣದ ಮೇಲೆ ಆರ್‌ಎಚ್ ಡಿ ಎಂಬ ಅಂಶ ಇಲ್ಲ, ಅಷ್ಟೇ. ಅದು ಹುಟ್ಟಿನಿಂದ ಬಂದದ್ದು.

ಎಚ್ಚರ ಬೇಕಾದದ್ದು ಬಸಿರಿನಲ್ಲಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮುಂದಿನ ಮಗುವಿಗೆ ತೊಂದರೆ ಆಗಬಹುದು. ಅದನ್ನು ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ ಒಮ್ಮೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಸುಮ್ನೆ ಹೆದರಬೇಡಿ, ಮೊದಲ ಚೆಕಪ್‌ನಲ್ಲೇ ಡಾಕ್ಟರಿಗೆ ಗ್ರೂಪ್ ತಿಳಿಸಿ.