ಬಲಗಿವಿಯ ಡಾಲ್ಫಿ

ಇಯರ್‌ಫೋನಿನ ಬಲಗಡೆ ಸತ್ತರೆ ಮಾಮೂಲಿ ಹಾಡಿಗೆ ಅಂಥ ನಷ್ಟವೇನಿಲ್ಲ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್‌ನ 'ಫ್ರೀ ಜಾಝ್' ಆಲ್ಬಮ್ ಕೇಳುವವರಿಗೆ ಮಾತ್ರ ಅರ್ಧ ಬ್ಯಾಂಡೇ ಎದ್ದುಹೋಗುತ್ತದೆ. 1960ರ ಡಿಸೆಂಬರ್‌ನಲ್ಲಿ ಎಂಟು ಜನ ಸೇರಿ, ನಾಲ್ವರು ಎಡಕ್ಕೆ ನಾಲ್ವರು ಬಲಕ್ಕೆ, ಎಲ್ಲೂ ನಿಲ್ಲಿಸದೆ 37 ನಿಮಿಷ ನುಡಿಸಿದ್ದು ಅದು. ಎಡಕ್ಕೆ ಕೋಲ್ಮನ್. ಬಲಕ್ಕೆ ಬಾಸ್ ಕ್ಲಾರಿನೆಟ್ ಎಂಬ ತಗ್ಗು ದನಿಯ ವಾದ್ಯ ಊದುವ ಎರಿಕ್ ಡಾಲ್ಫಿ. ಡಾಲ್ಫಿ ಇಲ್ಲದೆ ಕೊಡಗಿನ ಜುಲೈ ಕಳೆಯುವುದು ನನ್ನಿಂದ ಆಗದ ಕೆಲಸ.

ಸರಿ, ಮಳೆಯಲ್ಲೇ ವಿರಾಜಪೇಟೆಗೆ ಹೋದೆ. ಅಂಗಡಿಯ ಹುಡುಗ ಹೊಸದೊಂದನ್ನು ತೆಗೆದು ಸಿನಿಮಾ ಹಾಡು ಹಾಕಿ, ಎರಡೂ ಕಡೆ ಬರ್ತಿದೆ ನೋಡಿ ಅಂದ. ಹಾಗೆ ಗೊತ್ತಾಗಲ್ಲ ಅಂತ ನನ್ನ ಫ್ರೀ ಜಾಝ್ ಹಾಕಿ ಅವನ ಕಿವಿಗೇ ಕೊಟ್ಟೆ. ಅವನ ಮುಖ ಹುಳ್ಳಗಾಯಿತು.

"ಅಣ್ಣಾ, ಇಯರ್‌ಫೋನ್ ಸರಿ ಇದೆ. ಹಾಡೇ ಕೆಟ್ಟಿದೆ."

ನಂಬಿಕೆ ಬರಲಿ ಅಂತ ಸ್ಪೀಕರ್‌ನಲ್ಲೇ ಹಾಕಿಬಿಟ್ಟೆ. ರೀಚಾರ್ಜಿಗೆ ಕಾಯುತ್ತಿದ್ದ, ಗಂಬೂಟು ಹಾಕಿದ ಹಿರಿಯರೊಬ್ಬರು ಕೊಡೆ ಮಡಚಿ ಹತ್ತಿರ ಬಂದರು. ಎರಡು ಮದುವೆ ವಾಲಗ ಒಂದೇ ರಸ್ತೇಲಿ ಎದುರುಬದುರಾದ ಹಾಗಿದೆಯಲ್ಲಾ ಅಂದರು. ಸ್ವಲ್ಪ ಹೊತ್ತು ಕೇಳಿ, "ಕುಣಿಯೋರು ಎಲ್ಲಿ?" ಅಂದರು. ಇದಕ್ಕೆ ಯಾರೂ ಕುಣಿಯಲ್ಲ ಅಂದೆ. "ಮತ್ತೆ ಯಾಕೆ ಬಾರಿಸ್ತಾರೆ?"

ಈ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೇಳಿಯಾದರೂ ಕೇಳಿದರು. ಸಿಟ್ಟು ಬರುವುದು ಹೋಮ್‌ಸ್ಟೇಗಳಲ್ಲಿ, ಕಡುಬು ಪಂದಿ ಕರಿಯ ಪಕ್ಕ ಸಣ್ಣಗೆ ಸ್ಯಾಕ್ಸೋಫೋನ್ ಹಾಕಿ, ಯಾರ ಮಾತಿಗೂ ಅಡ್ಡ ಬಾರದ ಆ ಸಪ್ಪೆ ಶಬ್ದವನ್ನು ಜಾಝ್ ಅಂತ ಅತಿಥಿಗಳಿಗೆ ಬಡಿಸುತ್ತಾರಲ್ಲ, ಅವರ ಮೇಲೆ. ಡಾಲ್ಫಿಯ ಬಾಸ್ ಕ್ಲಾರಿನೆಟ್ ಹಾಕಿ ನೋಡಲಿ. ತಳದಲ್ಲಿ ಗುರುಗುಟ್ಟುತ್ತಿದ್ದದ್ದು ಅದೇ ಉಸಿರಿನಲ್ಲಿ ಮೇಲಕ್ಕೆ ಹಾರಿ ಕಿರುಚುತ್ತದೆ. ಕೈಯಲ್ಲಿದ್ದ ಕಡುಬು ಕೈಯಲ್ಲೇ ಉಳಿಯಬೇಕು! ಪಕ್ಕದಲ್ಲೇ ಫ್ರೆಡ್ಡಿ ಹಬ್ಬರ್ಡ್ ಅಷ್ಟು ಗದ್ದಲದಲ್ಲೂ ಟ್ರಂಪೆಟ್ಟಿನ ಸ್ವರವನ್ನು ದುಂಡಗೆ ಇಡುತ್ತಾನೆ. ಇವನು ಇಲ್ಲಿಗೆ ಯಾಕೆ ಬಂದ ಅನ್ನಿಸುತ್ತದೆ, ಆದರೆ ಅವನು ಬಿಟ್ಟಾಗ ಖಾಲಿ ಖಾಲಿ.

ಕೊನೆಕೊನೆಗೆ ಬಾಸ್, ಅಂದರೆ ತಗ್ಗು ದನಿಯ ದೊಡ್ಡ ತಂತಿವಾದ್ಯ, ನುಡಿಸುವ ಇಬ್ಬರೇ ಉಳಿಯುವ ಜಾಗ ನನಗೆ ಎಲ್ಲಕ್ಕಿಂತ ಇಷ್ಟ. ಎಡಗಿವಿಯಲ್ಲಿ ಸ್ಕಾಟ್ ಲಫಾರೊ ಮೇಲೆ ಮೇಲೆ ಓಡುತ್ತಾನೆ. ಬಲಗಿವಿಯಲ್ಲಿ ಚಾರ್ಲಿ ಹೇಡನ್ ಕೆಳಗೇ ನಿಂತು ಹಟ ಮಾಡುತ್ತಾನೆ. 1961ರ ಜುಲೈನಲ್ಲಿ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ, 25 ವರ್ಷಕ್ಕೆ. ಇಷ್ಟೆಲ್ಲ ಕೇಳಬೇಕೆಂದೇ ಹೊಸದು ಕೊಂಡದ್ದು. ಹುಡುಗ ಮಾತ್ರ "ಬಾಸ್ ಜಾಸ್ತಿ ಇದೆ ಅಣ್ಣಾ" ಅಂತ ಹೆಮ್ಮೆಯಿಂದ ಕೊಟ್ಟ. ಎಷ್ಟು ಜಾಸ್ತಿ ಅಂದರೆ ಈಗ ಇಬ್ಬರೂ ಸೇರಿ ಒಂದೇ ಧಡ್ ಧಡ್.